ನಲವತ್ತು ಮೀಟರಿನ ಆಕಾಶ

"ಯಾವುದು ಬೇಕು ಅನ್ನೂದು ಆಮ್ಯಾಲ ನೋಡೂಣ್ರಿ. ಮೊದಲ ಇದನ್ನ ಹೇಳ್ರಿ, ಎಲ್ಲಿ ಹಾರಸಾವ್ರು?" ಎಂದು ಬಾಳಕೃಷ್ಣ ಕೇಳಿದರು.

ಪುಣೆಯ ಧನಕವಡಿಯಲ್ಲಿ, ಒಂದು ಜೆರಾಕ್ಸ್ ಅಂಗಡಿಯ ಹಿಂಬದಿಯಲ್ಲಿ ಅವರ ಅಂಗಡಿ. ಬೆಳಗಾವಿ ಕಡೆಯವರು. ನಾವಿಬ್ಬರೂ ಒಳಗೆ ಬಂದು ನಮ್ಮನಮ್ಮಲ್ಲಿ ಮಾತಾಡಿದ್ದು ಕೇಳಿ ಮರಾಠಿ ಬಿಟ್ಟು ಕನ್ನಡಕ್ಕೆ ಇಳಿದಿದ್ದರು. ಗಾಜಿನ ಕಪಾಟಿನ ಮೇಲೆ ಎರಡು ವಸ್ತುಗಳನ್ನು ಅಕ್ಕಪಕ್ಕ ಇಟ್ಟಿದ್ದರು. ಒಂದು ಬಿಳಿ ಫೋಮಿನ ವಿಮಾನ, ರೆಕ್ಕೆ ಬೆನ್ನ ಮೇಲಿರುವಂಥದು, ನನ್ನ ಎರಡು ತೋಳು ಚಾಚಿದಷ್ಟಲ್ಲದಿದ್ದರೂ ಹತ್ತಿರ ಹತ್ತಿರ ಅಷ್ಟು ಅಗಲ. ಇನ್ನೊಂದು ಅವರೇ ಕೂತು ಜೋಡಿಸಿದ ನಾಲ್ಕು ತೋಳಿನ ಡ್ರೋನ್. ಅದಕ್ಕೆ ರೆಕ್ಕೆಯೂ ಇಲ್ಲ, ಮೂತಿಯೂ ಇಲ್ಲ. ತಲೆಕೆಳಗಾಗಿ ಇಟ್ಟ ಸ್ಟೂಲಿನ ಹಾಗೆ ಕೂತಿತ್ತು.

ಪ್ರಶ್ನೆ ನನಗೆ ಕೇಳಿದ್ದು. ಹಾರಿಸುವವಳು ನಾನು. ಉತ್ತರವೂ ಎರಡು ವರ್ಷದಿಂದ ನಾಲಿಗೆಯ ಮೇಲೆ ಸಿದ್ಧವಿತ್ತು: ಘಾಟದಾಚೆಯ ಮಾಳದ ಮೇಲೆ, ಪ್ರತಿ ರವಿವಾರ. ಐದು ಶಬ್ದ. ಎಣಿಸಿಟ್ಟುಕೊಂಡಿದ್ದೆ.

"ಗಚ್ಚಿ ಮ್ಯಾಲ," ಎಂದ ಮಂದಾರ, ನನ್ನ ಗಂಡ. "ನಮ್ಮ ಬಿಲ್ಡಿಂಗಿನ ಗಚ್ಚಿ ದೊಡ್ಡದದ."

"ಹಂಗಂದ್ರ ಮುಗೀತಲ್ರಿ. ವಿಮಾನಕ್ಕ ನೆಲ ಬೇಕು. ಓಡಾಕ ಜಾಗಾ, ಇಳ್ಯಾಕ ಜಾಗಾ, ತಪ್ಪಿದ್ರ ಸುತ್ತಿ ಬರಾಕ ಜಾಗಾ. ಇದು ಹಂಗಲ್ಲ. ಚಪಾತಿ ಮಣಿ ಮ್ಯಾಲಿಂದ ಏಳತೈತಿ, ಚಪಾತಿ ಮಣಿ ಮ್ಯಾಲನ ಇಳೀತೈತಿ." ಅವರು ಡ್ರೋನಿನ ಮೇಲೆ ಕೈ ಇಟ್ಟರು. ಆಮೇಲೆ ನನ್ನ ಕಡೆ ತಿರುಗಿದರು. "ಆದ್ರ ಅಕ್ಕಾರು ಏನಂತಾರ?"

ನಾನು ವಿಮಾನದ ರೆಕ್ಕೆಯ ಅಂಚನ್ನು ನೋಡುತ್ತಿದ್ದೆ. ಬಾಯಿ ತೆರೆಯಲು ಹೊತ್ತು ಬೇಕಾದಷ್ಟಿತ್ತು. ಹೊರಗೆ ಜೆರಾಕ್ಸ್ ಯಂತ್ರ ಹದಿನಾಲ್ಕು ಹಾಳೆ ತೆಗೆದದ್ದು ನನಗೆ ಇವತ್ತಿಗೂ ನೆನಪಿದೆ. ಹದಿನೈದನೆಯದಕ್ಕೆ ಬಾಳಕೃಷ್ಣ ಡ್ರೋನನ್ನು ಪೆಟ್ಟಿಗೆಗೆ ಇಳಿಸಿದರು.

ನಮ್ಮ ಮನೆಯಲ್ಲಿ ನನ್ನ ಮೌನವನ್ನು ಎಲ್ಲರೂ ಒಪ್ಪಿಗೆ ಎಂದೇ ತಿಳಿಯುತ್ತಾರೆ. ತಪ್ಪು ಅವರದಲ್ಲ. ಬೇರೆ ಅರ್ಥದ ಮೌನವೂ ಇರುತ್ತದೆಂದು ನಾನು ಅವರಿಗೆ ತೋರಿಸಿಯೇ ಇಲ್ಲ.

ನಾನು ಬೆಳಗಾವಿಯಲ್ಲಿ ಕಾಲೇಜಿನಲ್ಲಿದ್ದಾಗ ಎನ್‌ಸಿಸಿಯ ಏರ್ ವಿಂಗ್ ಸೇರಿದ್ದೆ. ಅಲ್ಲಿ ಮೂರು ವರ್ಷ ಬಾಲ್ಸಾ ಕಟ್ಟಿಗೆಯ ಚಿಕ್ಕ ವಿಮಾನಗಳನ್ನು ಕಟ್ಟಿದೆ, ಹಾರಿಸಿದೆ, ಮುರಿದೆ, ಮತ್ತೆ ಅಂಟಿಸಿದೆ. ನಮಗೆ ಕಲಿಸುತ್ತಿದ್ದ ಸಾರ್ಜೆಂಟ್ ಹೆಚ್ಚು ಮಾತಿನವರಲ್ಲ. ಅವರು ದಿನಾ ಹೇಳುತ್ತಿದ್ದದ್ದು ಒಂದೇ: ಗಾಬರಿಯಾದರೆ ಎಡಗೈ ಕೆಳಗೆ. ಎಡಗೈಯಲ್ಲಿರುವುದು ಮೋಟರಿನ ವೇಗ. ಅದನ್ನು ಇಳಿಸಿದರೆ ವಿಮಾನ ತಾನೇ ತೇಲುತ್ತದೆ, ರೆಕ್ಕೆ ಅದನ್ನು ಹೊತ್ತುಕೊಳ್ಳುತ್ತದೆ, ನಿನಗೆ ಯೋಚಿಸಲು ಸಮಯ ಸಿಗುತ್ತದೆ. ಆ ಮಾತು ಮೂರು ವರ್ಷದಲ್ಲಿ ತಲೆಯಿಂದ ಇಳಿದು ಹೆಬ್ಬೆರಳಿನಲ್ಲಿ ಕೂತಿತು.

ಹೆಣ್ಣು ನೋಡಲು ಬಂದಾಗ ಅತ್ತೆ ರಾಧಾಬಾಯಿ ಹವ್ಯಾಸ ಏನೆಂದು ಕೇಳಿದರು. "ವಿಮಾನ ಹಾರಸ್ತೀನ್ರಿ," ಎಂದೆ. ಮಾವ ಪ್ರಲ್ಹಾದರಾಯರು ಚಹಾದ ಬಟ್ಟಲು ಕೆಳಗಿಟ್ಟು ನಕ್ಕಿದ್ದರು. "ಭಾಳ ಛೊಲೋ ಆತು. ನಮ್ಮ ಮಂದಾರಗ ಸ್ಕೂಟರ್ ಸುದ್ದಾ ನೆಟ್ಟಗ ಹೊಡೀಲಿಕ್ಕೆ ಬರೂದಿಲ್ಲ." ಮಂದಾರನೂ ನಕ್ಕ. ಪುಣೆಗೆ ಬಂದ ಮೇಲೆ ಒಂದು ವಿಮಾನ ಕೊಡಿಸುತ್ತೇನೆ ಅಂತ ಅವತ್ತೇ ಹೇಳಿದ.

ಮದುವೆಯಾದ ಮೊದಲ ವರ್ಷ ಅವನಿಗೆ ಒಂದು ರವಿವಾರ ರಜೆ ಸಿಕ್ಕಿತು. ಅವನು ಭೋಸರಿಯ ಕಾರ್ಖಾನೆಯಲ್ಲಿದ್ದಾನೆ. ಅಲ್ಲಿ ವಾರದ ರಜೆ ಗುರುವಾರ. ಆ ರವಿವಾರ ಏನೋ ದುರಸ್ತಿಯೆಂದು ಕಾರ್ಖಾನೆ ಮುಚ್ಚಿತ್ತು. ನಾವು ಸ್ಕೂಟರಿನಲ್ಲಿ ಕಾತ್ರಜ್ ಘಾಟ ಹತ್ತಿ ಆಚೆ ಇಳಿದೆವು. ರಸ್ತೆಯಿಂದ ಒಳಗೆ ಒಂದು ಮಾಳ, ಅಲ್ಲಿ ನಾಲ್ಕೈದು ಜನ ವಿಮಾನ ಹಾರಿಸುತ್ತಿದ್ದರು. ಅವರಲ್ಲಿ ಹಿರಿಯರು ಸುಹಾಸ ಕಾಕಾ, ಬ್ಯಾಂಕಿನಿಂದ ನಿವೃತ್ತರಾದ ಮರಾಠಿಯವರು. ನಾನು ಅಂಚಿನಲ್ಲಿ ನಿಂತು ನೋಡುತ್ತಿದ್ದ ರೀತಿಯಿಂದಲೇ ಅವರಿಗೆ ಏನೋ ಗೊತ್ತಾಗಿರಬೇಕು. ಏನೂ ಕೇಳದೆ ತಮ್ಮ ರಿಮೋಟನ್ನು ನನ್ನ ಕೈಗೆ ಕೊಟ್ಟರು. ನಾಲ್ಕು ನಿಮಿಷ. ಇಳಿಸಿದ್ದೂ ನಾನೇ. ಹುಲ್ಲಿನ ಮೇಲೆ ಅದು ಓಡಿ ನಿಂತ ಮೇಲೆ ಅವರು ಅಂದರು, "ಹಾತ್ ಚಾಂಗ್ಲಾ ಆಹೇ." ಕೈ ಚೆನ್ನಾಗಿದೆ ಅಂತ. "ಸ್ವತಃಚಂ ವಿಮಾನ ಘೇ. ದರ್ ರವಿವಾರೀ ಯೇ."

ನಿನ್ನದೇ ವಿಮಾನ ತಗೋ, ಪ್ರತಿ ರವಿವಾರ ಬಾ. ಅಷ್ಟೇ ಆದದ್ದು. ಆದರೆ ಮುಂದೆ ಎರಡು ವರ್ಷ ನಾನು ಆ ನಾಲ್ಕು ನಿಮಿಷದ ಆಸೆಯಲ್ಲೇ ಇದ್ದೆ.

ಯಾರೂ ನನಗೆ ಹೋಗಬೇಡ ಎನ್ನಲಿಲ್ಲ. ಅದನ್ನು ನಾನು ಸರಿಯಾಗಿ ಹೇಳಬೇಕು. ಅತ್ತೆ "ಒಬ್ಬಾಕಿ ಹೆಂಗ ಹೋಗ್ತಿ, ಘಾಟಿನ್ಯಾಗ ಟ್ರಕ್ಕು ನೋಡೀಯಿಲ್ಲೋ," ಅಂದರು. ಮಾವ "ಮಂದಾರಗ ಸೂಟಿ ಇದ್ದಾಗ ಹೋಗೂದೇನು ದೊಡ್ಡದು," ಅಂದರು. ಮಂದಾರ "ನೋಡೋಣು," ಅಂದ. ಬೇಡ ಎಂದಿದ್ದರೆ ಜಗಳವಾದರೂ ಆಡಬಹುದಿತ್ತು. ಇವರೆಲ್ಲ ನನಗೆ ಬಿಸಿಲು ತಾಗದ ಹಾಗೆ ನೋಡಿಕೊಳ್ಳುತ್ತಿದ್ದರು. ನಾನು ಎಂ.ಎಸ್ಸಿ. ಮಾಡಿದವಳು, ಆದರೆ ಹೊರಗೆ ದುಡಿಯುವ ಕಷ್ಟ ಬೇಡವೆಂದು ಮಂದಾರನೇ ಹುಡುಕಿ ಒಂದು ಕೆಲಸ ಕೊಡಿಸಿದ್ದ: ಸಂಜೆ ನಾಲ್ಕರಿಂದ ಎಂಟರವರೆಗೆ, ಮಲಗುವ ಕೋಣೆಯ ಮೇಜಿನ ಮುಂದೆ ಕೂತು, ಯಾವ್ಯಾವುದೋ ಊರಿನ ಮಕ್ಕಳು ಕಳಿಸುವ ಭೌತಶಾಸ್ತ್ರದ ಲೆಕ್ಕಗಳನ್ನು ಬಿಡಿಸಿ ಕಳಿಸುವುದು. ತರಕಾರಿ ಬಾಗಿಲಿಗೆ ಬರುತ್ತಿತ್ತು. ಹಾಲು ಬಾಗಿಲಿಗೆ ಬರುತ್ತಿತ್ತು. ಈಗ ಆಕಾಶವೂ ಗಚ್ಚಿಗೆ ಬಂತು.

ಅಂಗಡಿಯಲ್ಲಿ ಮಂದಾರ ಇನ್ನೊಂದು ಮಾತು ಕೇಳಿದ್ದ. "ಇದು ಹೋಗಿ ಯಾರದರ ಕಿಡಕ್ಯಾಗ ಹೊಕ್ರ?"

"ಬೇಲಿ ಹಾಕಿ ಕೊಡ್ತೀನ್ರಿ. ಎದ್ದ ಜಾಗಾದಿಂದ ಸುತ್ತ ನಲವತ್ತು ಮೀಟರ್, ಮ್ಯಾಲ ಹದಿನೈದು. ಬೇಲಿ ಮುಟ್ಟಿತು ಅಂದ್ರ ಮುಗೀತು, ತಾನ ತಿರುಗಿ ಮನಿಗೆ ಬರ್ತೈತಿ. ಅಕ್ಕಾರು ಏನ ಒತ್ತಿದ್ರೂ ಕೇಳೂದಿಲ್ಲ." ಬಾಳಕೃಷ್ಣ ರಿಮೋಟಿನ ಮೂಲೆಯ ಒಂದು ಗುಂಡಿ ತೋರಿಸಿದ್ದರು. "ಮತ್ತ ಈ ಗುಂಡಿ ಮ್ಯಾಲನ ಇರ್ಲಿ. ಮ್ಯಾಲ ಇದ್ರ ಕೈ ಬಿಟ್ರೂ ಯಂತ್ರ ತಾನ ನಿಂತಗೋತೈತಿ. ಕೆಳಗ ಮಾಡಿದ್ರ ಪೂರಾ ನಿಮ್ಮ ಕೈಯಾಗ. ಆಗ ಅದು ನಿಲ್ಲೂದಿಲ್ಲ."

ಮೊದಲ ಹಾರಾಟಕ್ಕೆ ಮನೆಯವರೆಲ್ಲ ಗಚ್ಚಿಗೆ ಬಂದರು. ಅತ್ತೆಗೆ ಮಂಡಿನೋವು. ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಬಂದು ಡ್ರೋನಿನ ನಾಲ್ಕು ತೋಳಿಗೂ ಕುಂಕುಮ ಹಚ್ಚಿದರು. ನಾನು ಗುಂಡಿ ಮೇಲಿಟ್ಟು ಏರಿಸಿದೆ. ನೀರಿನ ಟಾಕಿಯ ಎತ್ತರಕ್ಕೆ ಹೋದ ಮೇಲೆ ಕೈ ಬಿಟ್ಟೆ. ನಿಂತಿತು. ಗೋಡೆಗೆ ಹೊಡೆದ ಮೊಳೆಯ ಹಾಗೆ ಗಾಳಿಯಲ್ಲಿ ನಿಂತಿತು.

"ನಿಂತದ ನೋಡೋ! ಹೇಳಿದಂಗ ಕೇಳ್ತದ!" ಎಂದರು ಮಾವ.

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಅದರ ಸದ್ದು ಕೇಳುತ್ತಿದ್ದೆ. ವಿಮಾನದ ಸದ್ದು ಬರುತ್ತದೆ, ಹೋಗುತ್ತದೆ. ಹೋದಾಗ ಒಂದು ಖಾಲಿ ಉಳಿಯುತ್ತದೆ, ಆ ಖಾಲಿ ನನಗೆ ಇಷ್ಟ. ಇದರ ಸದ್ದು ಎಲ್ಲಿಗೂ ಹೋಗಲಿಲ್ಲ. ನಾಲ್ಕು ಮೋಟರುಗಳು ಪೂರಾ ಶಕ್ತಿ ಹಾಕಿ ಕಿರುಚುತ್ತಿದ್ದವು, ಇದ್ದಲ್ಲೇ ಇರುವುದಕ್ಕೆ.

ಆಮೇಲೆ ಅದನ್ನು ರಸ್ತೆಯ ಕಡೆಗೆ ದೂಡಿದೆ. ಎದುರಿನ ಕಟ್ಟಡದ ಹತ್ತಿರ ಹೋಗಿ ಅದು ಒಮ್ಮೆ ತಡೆಯಿತು. ಏನನ್ನೋ ಮರೆತು ಬಂದವರ ಹಾಗೆ. ತಿರುಗಿತು. ನನ್ನ ಬಲ ಹೆಬ್ಬೆರಳು ರಿಮೋಟಿನ ಕಡ್ಡಿಯನ್ನು ಮುಂದಕ್ಕೆ ಒತ್ತಿಯೇ ಇತ್ತು. ಒತ್ತಿದ ಹಾಗೇ ಅದು ಹಿಂದಕ್ಕೆ ಬಂದು, ಎದ್ದ ಜಾಗದಲ್ಲೇ, ಅತ್ತೆ ಹಚ್ಚಿದ ಕುಂಕುಮ ಸ್ವಲ್ಪ ಚೆಲ್ಲಿದ್ದ ಅದೇ ಫರಸಿಕಲ್ಲಿನ ಮೇಲೆ ಕೂತಿತು.

"ಎಷ್ಟ ಶಾಣ್ಯಾ ಅದ ನೋಡಲೇ ಮಂದಾರಾ," ಎಂದರು ಅತ್ತೆ. "ತಾನ ಮನಿಗೆ ಬಂತು."

ಅದಕ್ಕೆ ಒಂದು ಕ್ಯಾಮೆರಾ ಇತ್ತು. ಚಿತ್ರ ಮೊಬೈಲಿಗೆ ಬರುತ್ತಿತ್ತು. ದಿನಾ ಗಚ್ಚಿ ಹತ್ತಲಾಗದ ಅತ್ತೆ ಕೆಳಗೆ ಸೋಫಾದಲ್ಲಿ ಮೊಬೈಲ್ ಹಿಡಿದು ಕೂತರು. ಮೊದಲು ನೀರಿನ ಟ್ಯಾಂಕರ್ ಬಂದಿದೆಯೋ ಇಲ್ಲವೋ ನೋಡಿಕೊಡು ಎಂದರು. ಆಮೇಲೆ ಎದುರಿನ ಗಚ್ಚಿಯಲ್ಲಿ ಕುಲಕರ್ಣಿಯವರು ಹಪ್ಪಳ ಹಾಕಿದ್ದಾರೋ ನೋಡು ಎಂದರು. ವಾರದೊಳಗೆ ಅದು ದಿನದ ಕ್ರಮವಾಯಿತು. ಬೆಳಿಗ್ಗೆ ಹತ್ತಕ್ಕೆ ನಾನು ಮೇಲೆ, ಅವರು ಕೆಳಗೆ, ನಡುವೆ ಎರಡನೆಯ ಮೊಬೈಲಿನಲ್ಲಿ ಅವರ ಧ್ವನಿ.

"ಸ್ವಲ್ಪ ಆ ಕಡೆ. ಹಾಂ. ಅಲ್ಲೇ ನಿಲ್ಲಸು, ನೋಡೋಣು."

ನಿಲ್ಲಿಸುತ್ತಿದ್ದೆ. ಒಂದು ಬ್ಯಾಟರಿ ಹನ್ನೆರಡು ನಿಮಿಷ ಬರುತ್ತದೆ. ಅದರಲ್ಲಿ ಹತ್ತು ನಿಮಿಷ ನಿಂತೇ ಕಳೆಯುತ್ತಿತ್ತು.

ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಹಗುರವಾಗುತ್ತಿತ್ತು. ಒಂದು ದಿನ ಅವರು ಬಹಳ ಹೊತ್ತು ಏನೂ ಹೇಳಲಿಲ್ಲ. ಮೊಬೈಲ್ ಕಟ್ಟಾಯಿತೇನೋ ಅಂದುಕೊಂಡೆ. ಆಮೇಲೆ ಮೆಲ್ಲಗೆ, "ಪೂರ್ವಾ, ಅದು ಕಾತ್ರಜ್ ಗುಡ್ಡ ಅಲ್ಲೇನು?" ಎಂದರು.

"ಹೌದ್ರಿ ಅತ್ಯಾ."

"ಈ ಮನಿಗೆ ಬಂದು ಮೂವತ್ತೊಂದು ವರ್ಷಾತು. ಇಷ್ಟ ಹತ್ರ ಅದ ಅಂತ ಗೊತ್ತ ಇರಲಿಲ್ಲ." ಮೊಬೈಲಿನಲ್ಲಿ ಕುಕ್ಕರಿನ ಸೀಟಿ ಕೇಳಿತು. "ಇರ್ಲಿ, ಇಳಸು. ಕುಕ್ಕರ್ ಇಟ್ಟೀನಿ."

ಮಧ್ಯಾಹ್ನ ಎರಡರಿಂದ ಮೂರರವರೆಗೆ ನಮ್ಮ ಕಟ್ಟಡದಲ್ಲಿ ಯಾವ ಸದ್ದೂ ಇರುವುದಿಲ್ಲ. ನೀರಿನ ಪಂಪು ನಿಂತಿರುತ್ತದೆ. ಅತ್ತೆ ಮಲಗಿರುತ್ತಾರೆ. ಚಳಿಗಾಲದಲ್ಲಿ ಮಾವ ಮಾತ್ರ ಕೆಳಗೆ ಪಾರ್ಕಿಂಗಿನ ಪಕ್ಕ ಬಿಸಿಲಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಾರೆ. ಆ ಹೊತ್ತಿಗೆ ನಾನು ಗಚ್ಚಿಗೆ ಹೋಗತೊಡಗಿದೆ. ಕ್ಯಾಮೆರಾ ಬಿಚ್ಚಿ ಚೀಲದಲ್ಲಿಡುತ್ತಿದ್ದೆ. ಆಮೇಲೆ ಮೂಲೆಯ ಗುಂಡಿಯನ್ನು ಕೆಳಗೆ ಮಾಡುತ್ತಿದ್ದೆ.

ಗುಂಡಿ ಕೆಳಗಾದರೆ ಅದು ಬೇರೆಯದೇ ಪ್ರಾಣಿ. ಎಣ್ಣೆ ಹಚ್ಚಿದ ನೆಲದ ಮೇಲೆ ಇಟ್ಟಂತೆ ಜಾರುತ್ತಿತ್ತು. ಕೈ ಒಂದು ಕ್ಷಣ ಮರೆತರೆ ಎಲ್ಲಿಗೋ ಹೊರಟುಬಿಡುತ್ತಿತ್ತು. ನಾನು ಅದನ್ನು ನಿಲ್ಲಲು ಬಿಡಲಿಲ್ಲ. ಮುಂದಕ್ಕೆ ಓಲಿಸಿ, ಓಡಿಸಿ, ತಿರುವಿನಲ್ಲಿ ಬಾಗಿಸಿ, ವಿಮಾನದ ಹಾಗೆ ಸುತ್ತು ಹೊಡೆಸಿದೆ. ಬೇಲಿ ಎಲ್ಲಿದೆಯೆಂದು ಈಗ ಗೊತ್ತಿತ್ತು: ಆ ಕಡೆ ಕುಲಕರ್ಣಿಯವರ ಡಿಶ್, ಈ ಕಡೆ ಮೊಬೈಲ್ ಟವರಿನ ಮೊದಲ ಅಡ್ಡಪಟ್ಟಿ, ಹಿಂದೆ ಒಂದು ಗುಲ್‌ಮೊಹರ್. ಮುಟ್ಟುವ ಮೊದಲೇ ತಿರುಗಿಸುತ್ತಿದ್ದೆ, ಅದು ತಾನಾಗಿ ತಿರುಗಿ ಬರುವುದನ್ನು ನೋಡಬಾರದೆಂದು. ದಿನಾ ಹನ್ನೆರಡು ನಿಮಿಷ, ಸುತ್ತಿನ ಮೇಲೆ ಸುತ್ತು. ಮೂರು ವಾರ ಹಾಗೇ ನಡೆಯಿತು.

ಟವರಿನ ಮೇಲೆ ಹದ್ದು ಗೂಡು ಕಟ್ಟಿದ್ದು ನನಗೆ ಗೊತ್ತಿರಲಿಲ್ಲ. ಒಂದು ಮಧ್ಯಾಹ್ನ ಅದು ಮೇಲಿನಿಂದ ಬಂತು. ನೆರಳು ಮೊದಲು ಕಂಡಿತು, ಆಮೇಲೆ ಹಕ್ಕಿ. ನನಗೆ ಗಾಬರಿಯಾಯಿತು.

ಗಾಬರಿಯಾದರೆ ಎಡಗೈ ಕೆಳಗೆ.

ನಾಲ್ಕೂ ಮೋಟರು ಒಟ್ಟಿಗೆ ಸುಮ್ಮನಾದವು. ಆ ಅರ್ಧ ಕ್ಷಣದ ಮೌನ ಚೆನ್ನಾಗಿತ್ತು, ಅದನ್ನು ಬಚ್ಚಿಡುವುದಿಲ್ಲ. ಅದು ಈಗ ತೇಲುತ್ತದೆ ಎಂದು ನನ್ನ ಕೈ ಕಾದಿತ್ತು. ಹೊರಲು ಅದಕ್ಕೆ ರೆಕ್ಕೆ ಎಲ್ಲಿತ್ತು? ನನ್ನ ಕಣ್ಣ ಮುಂದೆ ಗಚ್ಚಿಯ ಕಟ್ಟೆಯಾಚೆ ಇಳಿದುಹೋಯಿತು. ಆಮೇಲೆ ಕೆಳಗಿನಿಂದ ಪ್ಲಾಸ್ಟಿಕ್ ಒಡೆದ ಸದ್ದು ಬಂತು.

ಓಡಿ ಹೋಗಿ ಬಗ್ಗಿ ನೋಡಿದೆ. ಮಾವನ ಕುರ್ಚಿ ಒಂದು ಕೈ ಮುರಿದು ವಾಲಿತ್ತು. ಅದರ ಸುತ್ತ ಡ್ರೋನಿನ ತೋಳುಗಳು. ಮಾವ ಐದಾರು ಹೆಜ್ಜೆ ದೂರ, ಗೇಟಿನ ಹತ್ತಿರ, ಒಂದು ಕೈಯಲ್ಲಿ ಪೇಪರ್, ಇನ್ನೊಂದರಲ್ಲಿ ಕುರಿಯರ್‌ನವನು ಕೊಟ್ಟ ಲಕೋಟೆ. ಅವರು ಕುರ್ಚಿ ನೋಡಿದರು. ತಲೆಯೆತ್ತಿ ನನ್ನನ್ನು ನೋಡಿದರು.

ಆ ಸಂಜೆ ಯಾರೂ ಬೈಯಲಿಲ್ಲ. ಅತ್ತೆ ದೇವರ ಮುಂದೆ ತುಪ್ಪದ ದೀಪ ಹಚ್ಚಿದರು. ನನ್ನ ಕಡೆ ನೋಡದೆ, "ಇನ್ನ ಬ್ಯಾಡವಾ ಅದು," ಎಂದರು.

ಈ ಮನೆಯಲ್ಲಿ ನಾನು ಕೇಳಿದ ಮೊದಲ 'ಬ್ಯಾಡ' ಅದು. ನಾಚಿಕೆಯ ಕೆಳಗೆ ಎಲ್ಲೋ ಒಂದು ಸಣ್ಣ ಸಮಾಧಾನವೂ ಇತ್ತು. ಅದನ್ನು ಯಾರಿಗೂ ಹೇಳುವ ಹಾಗಿರಲಿಲ್ಲ.

ಗುರುವಾರ ಮಂದಾರ ಮುರಿದದ್ದನ್ನೆಲ್ಲ ಚೀಲದಲ್ಲಿ ತುಂಬಿ, "ಅವರಿಗೆ ಹಿಂದಕ ಕೊಟ್ಟು ಬರೋಣು," ಎಂದ. ನಾನೂ ಹೋದೆ. ಹದ್ದು ಬಂದದ್ದನ್ನು ಮಂದಾರ ಹೇಳಿದ. ಬಾಳಕೃಷ್ಣ ಡ್ರೋನಿನ ಚಿಪ್ ಅನ್ನು ಕಂಪ್ಯೂಟರಿಗೆ ಜೋಡಿಸಿ ಕೊನೆಯ ಹಾರಾಟದ ದಾಖಲೆ ನೋಡಿದರು.

"ಹದ್ದು ಬಡದದ್ದಲ್ರಿ ಇದು."

"ಮತ್ತ?" ಎಂದ ಮಂದಾರ.

"ಗುಂಡಿ ಕೆಳಗ ಐತಿ. ಎಡಗೈ ಪೂರಾ ಸೊನ್ನಿಗೆ ಇಳದೈತಿ. ಅಕ್ಕಾರ ಇಳಿಸ್ಯಾರ." ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಅವರ ಮುಖದಲ್ಲಿ ಆಪಾದನೆ ಇರಲಿಲ್ಲ, ಗುರುತು ಹಿಡಿದ ಖುಷಿಯಿತ್ತು. "ಅಲ್ರಿ, ನೀವು ಮೊದಲ ವಿಮಾನ ಹಾರಿಸೀರಿ ಹೌದಲ್ರಿ? ಮತ್ತ ಹೇಳಬೇಕಲ್ಲ! ಅಂಜಿದ್ರ ಮೋಟರ್ ಇಳಸೂದು ವಿಮಾನದವ್ರ ಕೈ. ಡ್ರೋನಿನವ್ರು ಅಂಜಿದ್ರ ಕೈ ಬಿಡ್ತಾರ. ನಾ ಒಬ್ಬಂವ ಇದ ತಪ್ಪು ಮಾಡಿ ಮೂರು ಒಡದೀನಿ."

ನಾನು ಚೀಲದಿಂದ ರಿಮೋಟು, ಬ್ಯಾಟರಿ ತೆಗೆದು ಕಪಾಟಿನ ಮೇಲಿಟ್ಟೆ.

"ರಿಮೋಟು ಚಲೋ ಐತಿ, ಬ್ಯಾಟರಿ ಚಲೋ ಐತಿ. ಮೋಟರಿನ್ಯಾಗ ಒಂದಂತೂ ನೆಟ್ಟಗೈತಿ. ವಿಮಾನಕ್ಕ ಬೇಕಾಗೂದು ಇಷ್ಟ ನೋಡ್ರಿ. ಬಾಲ ತಿರುಗಸಾಕ ಎರಡು ಸಣ್ಣ ಮೋಟರ್ ಕೊಡ್ತೀನಿ. ಉಳದದ್ದು ಥರ್ಮಾಕೋಲ್." ಅವರು ಕಪಾಟಿನ ಮೇಲೆ ಒರಗಿದರು. "ಆದ್ರ ಅವತ್ತು ಕೇಳಿದ್ದ ಇವತ್ತೂ ಕೇಳ್ತೀನಿ. ಎಲ್ಲಿ ಹಾರಸಾವ್ರು?"

"ಘಾಟದಾಚೆ ಮಾಳದ ಮ್ಯಾಲ," ಎಂದೆ. "ಪ್ರತಿ ರವಿವಾರ."

ಹೇಳಿ ಮುಗಿದ ಮೇಲೆ ನನ್ನದೇ ಧ್ವನಿ ಅಂಗಡಿಯಲ್ಲಿ ಇನ್ನೂ ಇದ್ದಂತೆ ಅನಿಸಿತು. ಸ್ಕೂಟರಿನಲ್ಲಿ ಎರಡು ಸಿಗ್ನಲ್ ದಾಟಿದೆವು. ಮೂರನೆಯದರಲ್ಲಿ ಕೆಂಪು ಬಿತ್ತು.

"ಮೊದಲ ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ಲ."

"ಅವರು ಕೇಳಿದ್ರಲ್ಲ."

ಅದು ನಿಜ. ಹೆಲ್ಮೆಟ್ಟಿನೊಳಗೆ ಅವನ ಮುಖ ಕಾಣಲಿಲ್ಲ. ಅವನು ನನ್ನ ಪರವಾಗಿ ಉತ್ತರ ಕೊಟ್ಟಿದ್ದ. ನಾನು ಹದಿನಾಲ್ಕು ಹಾಳೆಯ ಹೊತ್ತು ಬಾಯಿ ಮುಚ್ಚಿ ಅದನ್ನು ನನ್ನ ಉತ್ತರ ಮಾಡಿಕೊಂಡಿದ್ದೆ. ಆ ಕುರ್ಚಿಯಲ್ಲಿ ಮಾವ ಕೂತಿದ್ದರೆ ಅದರಲ್ಲಿ ಯಾರ ಪಾಲು ಎಷ್ಟು ಅಂತ ಯೋಚಿಸುತ್ತಾ ಮನೆ ಮುಟ್ಟಿದೆ.

ಆಮೇಲೆ ಒಂದು ವಾರ ನಾನು ಊಟದ ಮೇಜಿನ ಮೇಲೆ ಹಳೆಯ ಪೇಪರ್ ಹಾಸಿ ರೆಕ್ಕೆಯ ನಕ್ಷೆ ಬರೆಯುತ್ತಿದ್ದೆ. ಅತ್ತೆ ನೋಡಿಯೂ ನೋಡದ ಹಾಗೆ ಮೇಜಿನ ಅರ್ಧದಲ್ಲಿ ಮೆಂತ್ಯ ಸೋಸುತ್ತಿದ್ದರು. ಡ್ರೋನ್ ಬಿದ್ದ ದಿನದಿಂದ ಮಾವ ನನ್ನೊಡನೆ ಆ ವಿಷಯ ಎತ್ತಿರಲಿಲ್ಲ. ಒಂದು ಮುಂಜಾನೆ ಬಂದು ನಕ್ಷೆಯ ಮೇಲೆ ಬಗ್ಗಿ ನಿಂತರು.

"ಇದು ಬಿದ್ರ ಏನಾಗ್ತದ?"

"ಥರ್ಮಾಕೋಲ್ ರೀ ಮಾಮಾ. ಬಿದ್ರ ಅದ ಮುರೀತದ."

"ಅಂದ್ರ ನಂದು ತಲಿ ಉಳೀತದ."

"ಅಲ್ಲೆ ನಿಮ್ಮ ತಲಿ ಇರೂದಿಲ್ರಿ. ಮಾಳದಾಗ ಹಾರಸೂದು."

ಅವರು ಒಳಗೆ ಹೋಗಿ ಸ್ಟೂಲ್ ತಂದು ಅಟ್ಟದ ಬಾಗಿಲು ತೆಗೆದರು. ಹಾಸಿಗೆಗಳ ಹಿಂದಿನಿಂದ, ಧೋತರದಲ್ಲಿ ಸುತ್ತಿದ ದೊಡ್ಡದೊಂದನ್ನು ಎಳೆದರು. ಗಣಪತಿಯ ಹಿಂದೆ ನಿಲ್ಲಿಸುವ ಮಖರ. ಸರಕಾರ ಥರ್ಮಾಕೋಲ್ ನಿಲ್ಲಿಸಿದ ವರ್ಷದಿಂದ ನಮ್ಮಲ್ಲಿ ಬಟ್ಟೆಯ ಮಖರ. ಆದರೆ ಇದನ್ನು ಯಾರೂ ಎಸೆದಿರಲಿಲ್ಲ. ಬಿಸಿ ತಂತಿಯಲ್ಲಿ ಮಾವನೇ ಕೊಯ್ದ ಕಮಾನು, ಅದರ ಮೇಲೆ ಮಲ್ಲಿಗೆಯ ಬಳ್ಳಿ, ಅಂಚಿಗೆ ಬಂಗಾರದ ಕಾಗದ.

ಅತ್ತೆ ಮೆಂತ್ಯ ಬಿಟ್ಟು ಎದ್ದರು. "ಏನ್ರಿ ಇದು? ದೇವರ ಹಿಂದ ನಿಂತದ್ದನ್ನ ಕೊಯ್ತೀರೇನು?"

"ಏಳೆಂಟು ವರ್ಷಾತು, ಜಿರಳಿಗೋಳು ಅದರ ದರ್ಶನ ತಗೊಳ್ಳಿಕತ್ತಾವ. ದೇವರಿಗೆ ಅದಕ್ಕಿಂತಾ ಇದು ಛೊಲೋ ಅನಸ್ತದ."

"ನಿಮ್ಮ ಬಾಯಿ!" ಎಂದರು ಅತ್ತೆ. ಸೆರಗಿನಿಂದ ಬಂಗಾರದ ಕಾಗದದ ಮೇಲಿನ ಧೂಳು ಒರೆಸಿದರು. ಒಂದು ತುದಿಯಿಂದ ಇನ್ನೊಂದು ತುದಿಯವರೆಗೂ ಒರೆಸಿದರು. ಆಮೇಲೆ ನನ್ನ ಕಡೆ ತಿರುಗಿ ಅಂದರು, "ಮಾಡು. ಆದ್ರ ಒಬ್ಬಾಕಿ ಹೋಗೂದು ಬ್ಯಾಡ. ರವಿವಾರ ನಾವೂ ಬರ್ತೀವಿ."

ನಾನು ಕತ್ತರಿ ಕೈಯಲ್ಲಿ ಹಿಡಿದು ನಿಂತಿದ್ದೆ. ಬೇಕಾದದ್ದು ಸಿಗುತ್ತಿದೆ ಎಂದು ಗೊತ್ತಾಗುತ್ತಿತ್ತು. ಅದರೊಡನೆ ಇನ್ನೇನೋ ಮುಚ್ಚಿಕೊಳ್ಳುತ್ತಿರುವುದೂ ಗೊತ್ತಾಗುತ್ತಿತ್ತು. "ಆಗಲ್ರಿ ಅತ್ಯಾ," ಎಂದೆ.

ಹದಿನೈದು ದಿನ ಬೇಕಾಯಿತು. ಕಮಾನಿನ ಎರಡು ಬದಿಗಳಿಂದ ರೆಕ್ಕೆ, ಅಡಿಪಟ್ಟಿಯಿಂದ ಮೈ. ಹಾರಿಸುವ ರವಿವಾರ ಮಂದಾರ ಎಂದಿನಂತೆ ಆರಕ್ಕೆ ಕಾರ್ಖಾನೆಯ ಬಸ್ಸು ಹಿಡಿದ. ಹೋಗುವ ಮೊದಲು ವಿಮಾನದ ಮೂತಿಯ ಮೇಲೆ ಎರಡು ಬೆರಳಿಟ್ಟು, "ಬೀಳಸಬ್ಯಾಡ," ಎಂದ. ನಮ್ಮ ಟ್ಯಾಕ್ಸಿಯಲ್ಲಿ ಮಡಿಸುವ ಕುರ್ಚಿ ಎರಡು, ಛತ್ರಿ, ಥರ್ಮಾಸ್, ಒಂದು ಡಬ್ಬಿ ದಶಮಿ ರೊಟ್ಟಿ, ಅದರೊಡನೆ ಶೇಂಗಾ ಚಟ್ನಿ, ಅತ್ತೆಯ ಮಂಡಿಯ ಎಣ್ಣೆ. ವಿಮಾನ ನನ್ನ ತೊಡೆಯ ಮೇಲೆ.

ಮಾಳ ಹಾಗೇ ಇತ್ತು. ಸುಹಾಸ ಕಾಕಾ ಮೊದಲು ನನ್ನನ್ನು ಗುರುತಿಸಲಿಲ್ಲ. ಹತ್ತಿರ ಬಂದು ರೆಕ್ಕೆಯ ಮೇಲಿನ ಮಲ್ಲಿಗೆಯ ಬಳ್ಳಿ, ಅಂಚಿನ ಬಂಗಾರ ನೋಡಿ ಗಟ್ಟಿಯಾಗಿ ನಕ್ಕರು. "ಅಗಂ, ಮಖರ್ ಉಡ್ವತೇಸ್ ಕಾಯ್?" ಏನೇ, ಮಖರ ಹಾರಿಸುತ್ತೀಯಾ ಅಂತ. ಮಾವ ಅವರಿಗಿಂತ ಗಟ್ಟಿಯಾಗಿ ನಕ್ಕು, ಅದನ್ನು ಕೊಯ್ದವರು ತಾವೇ ಎಂದು ಮರಾಠಿಯಲ್ಲಿ ಹೇಳಿಕೊಂಡರು. ಇಬ್ಬರೂ ಒಂದೇ ವಯಸ್ಸಿನವರು. ಕೂಡಲೇ ಮಾತಿಗೆ ಬಿದ್ದರು.

ಕಾಕಾನೇ ವಿಮಾನ ಹಿಡಿದು ಗಾಳಿಗೆ ಎದುರಾಗಿ ಎಸೆದರು. ಒಮ್ಮೆ ಇಳಿಯಿತು, ಹುಲ್ಲಿನ ತುದಿ ಮುಟ್ಟಿಯೇ ಬಿಟ್ಟಿತೇನೋ ಅನ್ನುವಷ್ಟು. ಆಮೇಲೆ ಎದ್ದಿತು. ಎದ್ದ ಮೇಲೆ ನನಗೆ ಕೆಲ ಹೊತ್ತು ಸುತ್ತಲಿನದೇನೂ ಕೇಳಲಿಲ್ಲ. ಅದು ತಿರುಗಿದಾಗೆಲ್ಲ ಬಂಗಾರದ ಅಂಚು ಬಿಸಿಲಿಗೆ ಒಮ್ಮೆ ಮಿನುಗಿ ಆರುತ್ತಿತ್ತು. ಹತ್ತಿರ ಬಂದಾಗ ಸದ್ದು. ದೂರ ಹೋದಾಗ ಖಾಲಿ.

ಹಿಂದಿನಿಂದ ಅತ್ತೆಯ ಧ್ವನಿ ಬಂತು. ಹಣೆಯ ಮೇಲೆ ಕೈ ಇಟ್ಟುಕೊಂಡು ನೋಡುತ್ತಿದ್ದರು. "ಪೂರ್ವಾ, ಅಲ್ಲೇ ನಿಲ್ಲಸು, ನೋಡೋಣು!"

"ಇದು ನಿಲ್ಲೂದಿಲ್ರಿ ಅತ್ಯಾ."

"ಒಂದ ನಿಮಿಷ ನಿಲ್ಲಸಲ್ಲ."

"ಒಂದ ನಿಮಿಷನೂ ನಿಲ್ಲೂದಿಲ್ಲ. ನಿಂತ್ರ ಬೀಳ್ತದ."

ಅವರು ಸುಮ್ಮನಾದರು. ಅದು ಯಾವ ಅರ್ಥದ ಮೌನವೋ ನನಗೆ ತಿಳಿಯಲಿಲ್ಲ. ತಿರುಗಿ ನೋಡುವ ಹಾಗಿರಲಿಲ್ಲ, ಕಣ್ಣು ವಿಮಾನದ ಮೇಲಿರಬೇಕು.

ಆಗ ಸುಹಾಸ ಕಾಕಾ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದರು, "ಇತ್ಕಂ ಜವಳ್ ಕಾ? ಸಗಳಂ ಮೈದಾನ್ ರಿಕಾಮಂ ಆಹೇ."

ಇಷ್ಟು ಹತ್ತಿರ ಯಾಕೆ, ಮೈದಾನವೆಲ್ಲ ಖಾಲಿ ಇದೆಯಲ್ಲ.

ಆಗಲೇ ನಾನು ಗಮನಿಸಿದ್ದು. ಅದು ಸುತ್ತುತ್ತಿದ್ದ ಸುತ್ತು ನನಗೆ ಚೆನ್ನಾಗಿ ಪರಿಚಯದ್ದು. ಆ ಕಡೆ ಡಿಶ್, ಈ ಕಡೆ ಟವರಿನ ಅಡ್ಡಪಟ್ಟಿ, ಹಿಂದೆ ಗುಲ್‌ಮೊಹರ್. ಇಲ್ಲಿ ಅವು ಯಾವುವೂ ಇರಲಿಲ್ಲ. ಈ ವಿಮಾನದಲ್ಲಿ ಬೇಲಿ ಹಾಕುವ ಚಿಪ್ ಕೂಡ ಇರಲಿಲ್ಲ. ಆದರೂ ಡಿಶ್ ಇರಬೇಕಾದ ಜಾಗ ಬಂದ ಕೂಡಲೇ ನನ್ನ ಹೆಬ್ಬೆರಳು ಬಲಕ್ಕೆ ಹೋಗುತ್ತಿತ್ತು.

ಮುಂದಿನ ಸುತ್ತಿನಲ್ಲಿ ತಿರುಗಿಸಬಾರದು ಎಂದುಕೊಂಡೆ. ತಿರುಗಿಸಿದೆ. ಅದರ ಮುಂದಿನದರಲ್ಲೂ ತಿರುಗಿಸಿದೆ. ಮೂರನೆಯದರಲ್ಲಿ ಬೆರಳನ್ನು ಕಡ್ಡಿಯಿಂದ ಎತ್ತಿಯೇ ಬಿಟ್ಟೆ. ವಿಮಾನ ಆ ಜಾಗ ದಾಟಿತು. ನೇರ ಹೋಯಿತು. ಬಳ್ಳಿ ಕಾಣದಾಯಿತು, ಬಂಗಾರ ಕಾಣದಾಯಿತು, ಒಂದು ಬಿಳಿ ಗೆರೆ ಉಳಿಯಿತು. ಎದುರಿಗೆ ಗುಡ್ಡವಿತ್ತು, ಅದರ ಮೇಲೆ ಇನ್ನೂ ಬಹಳ ಆಕಾಶವಿತ್ತು.

ಹಿಂದೆ ಕುರ್ಚಿ ಕಿರುಗುಟ್ಟಿತು. "ಹೋತು! ಹೋತಲ್ಲ! ಪೂರ್ವಾ, ತಿರಗಸ!"

ಅತ್ತೆ ಎದ್ದು ನಿಂತಿದ್ದರು. ವಿಮಾನ ತಿರುಗಿತು. ಅವರ ಕೂಗು ಮೊದಲೋ, ನನ್ನ ಹೆಬ್ಬೆರಳು ಮೊದಲೋ, ನಾನು ಎಷ್ಟು ಸಲ ನೆನೆಸಿಕೊಂಡರೂ ಹೇಳಲಾರೆ. ಅದು ನನ್ನ ಕಡೆ ಮುಖ ಮಾಡಿ ಬರತೊಡಗಿತು. ವಿಮಾನ ನಮ್ಮ ಕಡೆ ಬರುವಾಗ ಎಡಬಲ ಅದಲುಬದಲಾಗುತ್ತದೆ. ಅದನ್ನು ಮಾತ್ರ ಕೈ ಮರೆತಿರಲಿಲ್ಲ. ಎಡಗೈ ಕೆಳಗೆ ತಂದೆ. ಮೋಟರು ಸುಮ್ಮನಾಯಿತು. ರೆಕ್ಕೆ ಅದನ್ನು ಹೊತ್ತುಕೊಂಡಿತು. ಅತ್ತೆಯ ಕುರ್ಚಿಯಿಂದ ಹತ್ತು ಮಾರು ದೂರದಲ್ಲಿ ಹುಲ್ಲಿನ ಮೇಲೆ ಇಳಿಯಿತು.

"ಬಂತಪ್ಪಾ," ಎಂದು ಅವರು ಉಸಿರು ಬಿಟ್ಟು ಕೂತರು. ನನಗೆ ಒಂದು ದಶಮಿ ಕೊಟ್ಟರು.

ವಾಪಸು ಬರುವಾಗ ಘಾಟದ ತಿರುವುಗಳಲ್ಲಿ ಅವರು ನನ್ನ ಹೆಗಲಿಗೆ ಒರಗಿ ಕಣ್ಣು ಮುಚ್ಚಿದ್ದರು. ಮಂಡಿಯ ಎಣ್ಣೆಯ ವಾಸನೆ ಕಾರಿನ ತುಂಬ. ಮುಂದೆ ಕೂತ ಮಾವ ಅರ್ಧ ತಿರುಗಿ ಕೇಳಿದರು, "ಮುಂದಿನ ರವಿವಾರ ಎಷ್ಟಕ್ಕ ಹೊರಡೂದವಾ?"

ಪ್ರಶ್ನೆ ನನಗೇ. ಉತ್ತರ ನಾಲಿಗೆಯ ಮೇಲೆ ಬಂದಿತ್ತು: ಮುಂದಿನ ರವಿವಾರ ನಾ ಒಬ್ಬಾಕಿನ ಹೋಗ್ತೀನ್ರಿ. ಐದು ಶಬ್ದ. ಕಾರು ಒಂದು ತಿರುವು ತಿರುಗಿತು. ಕೆಳಗೆ ಊರು ಕಾಣಿಸಿತು. ಇನ್ನೊಂದು ತಿರುವು ತಿರುಗಿತು. ಹೆಗಲ ಮೇಲೆ ಅತ್ತೆಯ ತಲೆ ಭಾರವಾಗಿತ್ತು.

"ಆರೂವರಿಗ್ರಿ ಮಾಮಾ," ಎಂದೆ.

ಅತ್ತೆ ಕಣ್ಣು ತೆರೆಯದೆ ಹೇಳಿದರು, "ಆರಕ್ಕ ಹೊರಡೋಣು. ಬಿಸಿಲೇರತದ."